ಹಳದಿ ದಾರ

ಸೋಮವಾರ ಬೆಳಿಗ್ಗೆ ಬಾಯಿ ಮುಕ್ಕಳಿಸಿದೆ,
ನೀರು ಎಡಗಡೆಯಿಂದ ತಾನೇ ಇಳಿದು ಬನಿಯನ್ನು ತೋಯಿಸಿತು.
ಕನ್ನಡಿಯಲ್ಲಿ ಅರ್ಧ ಅಂಗಡಿ ತೆರೆದಿದೆ,
ಅರ್ಧಕ್ಕೆ ಷಟರ್ ಎಳೆದಿದೆ,
ಷಟರ್ ಎಳೆದ ಕಡೆಯ ಕಣ್ಣೇ ಮುಚ್ಚಲೊಲ್ಲದು.

ಲಕ್ವ ಅಂದಳು ಪುಟ್ನಾಗಿ, ಹರಕೆ ಹೊರಲು ಕೈ ಮುಗಿದಳು.
ನಾನು ಕಿವಿಯ ಬುಡದ ಕೆಳಗೆ ಬೆರಳಿಟ್ಟೆ,
ಇಗಾ, ಇಲ್ಲಿಂದ ಹೊರಗೆ ಬರೋದು ಅದು, ಅಂದೆ.
ಅಂದೆನೇ? ಪ ಫ ಬ ಭ ಮ
ಐದೂ ತುಟಿ ಜಾರಿ ಬರೀ ಗಾಳಿಯಾದವು.

ಹದಿನಾರು ವರ್ಷ ಆಯಿತು, ಶಿವಮೊಗ್ಗದ ಪಶುವೈದ್ಯ ಕಾಲೇಜಿನಲ್ಲಿ
ಎಮ್ಮೆಯ ತಲೆ ಬಿಡಿಸುವ ಅಟೆಂಡರು ನಾನು, ಹುಚ್ಚರಾಯ.
ಚರ್ಮ ಸುಲಿದು, ಕೊಬ್ಬು ಸರಿಸಿದರೆ
ದವಡೆಯ ಮೇಲೆ ಮಲಗಿರುತ್ತದೆ ಏಳನೆಯದು,
ಬಿಳಿ, ಚಪ್ಪಟೆ, ಹಳೇ ಲಂಗದ ಲಾಡಿಯ ಹಾಗೆ.
ಹುಡುಗರಿಗೆ ಗುರುತು ಸಿಗಲಿ ಎಂದು ದಾರ ಕಟ್ಟುತ್ತೇನೆ,
ಗಾಂಧಿ ಬಜಾರಿನಲ್ಲಿ ಕೊಂಡ ಉಂಡೆಗಳು:
ಕಣ್ಣಿನದಕ್ಕೆ ನೀಲಿ, ಹತ್ತನೆಯದಕ್ಕೆ ಕೆಂಪು, ಇದಕ್ಕೆ ಹಳದಿ.
ಒಂದನೆಯದಕ್ಕೆ ದಾರ ನಿಲ್ಲದು.
ಜರಡಿಯಂಥ ಎಲುಬಿನ ತೂತುಗಳಲ್ಲಿ ಕೂದಲೆಳೆಗಳು ಅವು.
ನನ್ನವನ್ನು ಫಾರ್ಮಲಿನ್ನಿಗೆ ಬರೆದುಕೊಟ್ಟಾಗಿದೆ,
ಬಾಣಲೆಯಲ್ಲಿ ಮೀನು ಸೀದರೆ ಪುಟ್ನಾಗಿಯೇ ಕೂಗಬೇಕು.

ಜಕ್ಕಣ್ಣವರ ಸಾಹೇಬರು ಪಾಠ ಮಾಡುತ್ತಿದ್ದರು:
ಬೆನ್ನೆಲುಬಿದ್ದದ್ದಕ್ಕೆಲ್ಲ ಇವು ಉಂಟು,
ಗಾಜನೂರಿನ ಹಿನ್ನೀರಿನ ಮೀನಿಗೆ ಹತ್ತು, ಕಪ್ಪೆಗೆ ಹತ್ತು,
ಎಮ್ಮೆಗೂ ನಮಗೂ ಹನ್ನೆರಡು.
ಹೆಚ್ಚಿನ ಎರಡರಲ್ಲಿ ಒಂದು ಹೆಗಲು ಕೊಡವಲಿಕ್ಕೆ,
ಇನ್ನೊಂದು ನಾಲಿಗೆ ಹೊರಳಿಸಲಿಕ್ಕೆ.
ಸರ್ಕಾರಿ ನೌಕರನಿಗೆ ಎರಡೂ ಬೇಕು ಅಲ್ವೇನೋ ಹುಚ್ಚರಾಯ?
ಗೊತ್ತಿಲ್ಲ ಸಾರ್, ಅಂತ ಎರಡನ್ನೂ ತೋರಿಸಿದೆ.

ಹತ್ತನೆಯದು ಅಲೆಮಾರಿ.
ತಲೆಯಿಂದ ಹೊರಟದ್ದು ಗುಂಡಿಗೆ ಮಾತಾಡಿಸಿ
ನಾಲ್ಕು ಹೊಟ್ಟೆಗೂ ಹೋಗಿ ಕೂರುತ್ತದೆ.
ಅದರದೊಂದು ಕವಲು ಸೇರಬೇಕಾದ್ದು ಗಂಟಲಿಗೆ,
ಇಲ್ಲೇ, ಗೇಣು ದೂರ.
ಆದರೂ ಎದೆಯೊಳಕ್ಕಿಳಿದು, ದೊಡ್ಡ ರಕ್ತನಾಳವನ್ನು ಬಳಸಿ
ತಿರುಗಿ ಮೇಲೆ ಬರುತ್ತದೆ,
ಸಾಗರಕ್ಕೆ ಹೊರಟವ ಭದ್ರಾವತಿ ನೋಡಿಕೊಂಡು ಬಂದ ಹಾಗೆ.
ಮೀನಿನ ಕಾಲದ ರೂಟು, ಆಗ ಅದೇ ಹತ್ತಿರವಿತ್ತಂತೆ.
ಕುತ್ತಿಗೆ ಬಂದ ಮೇಲೂ ಡಿಪೋದವರು ಬದಲಾಯಿಸಲಿಲ್ಲ.

ಅಫ್ರೀನಾಗೆ ಫೋನು ಮಾಡಿಸಿದೆ.
ಮೊದಲ ವಾರ ಟೇಬಲ್ಲಿನ ಹತ್ತಿರವೇ ವಾಂತಿ ಮಾಡಿದ ಹುಡುಗಿ,
ಈಗ ರಿಪ್ಪನ್‌ಪೇಟೆಯಲ್ಲಿ ದನದ ಡಾಕ್ಟರು.
ಹುಬ್ಬು ಏರಿಸಿ ಅಂಕಲ್, ಎಡಗಡೆ ಹಣೆ ಸುಕ್ಕಾಗ್ತದಾ?
ಇಲ್ಲವಂತೆ, ಅಂದಳು ಪುಟ್ನಾಗಿ.
ಹಂಗಾರೆ ಒಳ್ಳೇದು! ಅಂತು ಫೋನು.
ಹಣೆ ಸುಕ್ಕಾಗಿದ್ರೆ ಮಿದುಳಿನ ಕಡೆ ನೋಡಬೇಕಿತ್ತು,
ಇದು ದಾರಿಯಲ್ಲೇ ಎಲ್ಲೋ ಬಾತುಕೊಂಡದ್ದು.
ನಾನು ಎಮ್ಮೆಯ ಡಾಕ್ಟರು, ಇವತ್ತೇ ಆಸ್ಪತ್ರೆಗೆ ಹೋಗಿ.
ಸುಕ್ಕಿಲ್ಲದ ಅರ್ಧ ಹಣೆ ಹೊತ್ತು ಸಿಟಿ ಬಸ್ಸು ಹತ್ತಿದೆ,
ಪಾಸಾದವನ ಹಾಗೆ.

ಮಾತ್ರೆ ಕೊಟ್ಟರು. ರಾತ್ರಿ ಕಣ್ಣಿಗೆ ಟೇಪು.
ನಾಲಿಗೆಯ ಎಡಗಡೆ ಉಪ್ಪಿಲ್ಲ,
ಸಾರು ಬಲಕ್ಕೆ ಹೊರಳಿದ ಮೇಲೇ ಸಾರು.
ಕುಕ್ಕರ್ ಕೂಗಿದರೆ ಎಡಗಿವಿಗೆ ಸೈರನ್ನು.
ಅಲ್ಲೊಳಗೆ ನುಚ್ಚಕ್ಕಿಯಷ್ಟು ಎಲುಬು,
ಅದಕ್ಕೊಂದು ಕಡಿವಾಣ,
ಆ ಕಡಿವಾಣವೂ ಏಳನೆಯದರ ಕೈಯಲ್ಲಿ.
ಇಷ್ಟೆಲ್ಲ ಹೊರುತ್ತಿದ್ದೆಯೇನೋ ನೀನು?
ಬರೀ ನಗುವಿಗೆ ಅಂದುಕೊಂಡಿದ್ದೆ,
ಎಮ್ಮೆಯ ಮೇಲೆ ಅದನ್ನು ನೋಡಿದ್ದೂ ಇಲ್ಲ.

ನಾಲ್ಕನೆಯ ವಾರ ಕೆಲಸಕ್ಕೆ ಹೋದೆ.
ಟೇಬಲ್ಲಿನ ಮೇಲೆ ಹೊಸ ತಲೆ,
ಸುತ್ತ ಹೊಸ ಏಪ್ರನ್ನುಗಳು.
ಚರ್ಮ ಎತ್ತಿದೆ. ಬಿಳಿ ಲಾಡಿ ಇತ್ತು, ಇದ್ದಲ್ಲೇ.
ಹಳದಿ ದಾರ ಸುತ್ತಿ ಗಂಟು ಎಳೆದೆ,
ಯಾಕೋ ಬಿಚ್ಚಿದೆ,
ಒಂದು ಬೆರಳು ಹಿಡಿಯುವಷ್ಟು ಸಡಿಲ ಬಿಟ್ಟು ಮತ್ತೆ ಕಟ್ಟಿದೆ.
ಸತ್ತದ್ದಕ್ಕೆ ಇಷ್ಟು ನಾಜೂಕಾ ಅಂಕಲ್, ಅಂತ ಒಬ್ಬ ಹುಡುಗ,
ಆಮೇಲೆ ನನ್ನ ಮುಖ ನೋಡಿ,
ನಿಮ್ಮ ತುಟಿ ಈ ಕಡೆ ಅದುರ್ತಾ ಇದೆ, ಅಂದ.
ಎಡಗಡೆಯಾ? ಅಂತ ಕೇಳಿದೆ.
ಹೌದು ಅಂದ.
ಇನ್ನೊಂದ್ಸಲ ನೋಡಿ ಹೇಳು, ಅಂದೆ.